ಕನ್ನಂಬಾಡಿ ಕಟ್ಟೆ ಮತ್ತು ನಿರ್ಣಾಯಕ ಪಥ

ಪ್ರತಿಯೊಂದು ಕೆಲಸವನ್ನು ಎಷ್ಟು ಬೇಗ ಆರಂಭಿಸಬಹುದು, ಎಷ್ಟು ತಡಮಾಡಬಹುದು ಎಂದು ಲೆಕ್ಕಹಾಕಿ, ಎರಡರ ನಡುವೆ ಬಿಡುವಿಲ್ಲದ ಕೆಲಸಗಳ ಸರಣಿಯನ್ನು ಯೋಜನಾ ತಂತ್ರಾಂಶವು ನಿರ್ಣಾಯಕ ಪಥವೆಂದು ಗುರುತಿಸುತ್ತದೆ. ಈ ವಿಧಾನವನ್ನು 1957ರಲ್ಲಿ ಅಮೆರಿಕದ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲ್ಲಿ ರೂಪಿಸತೊಡಗಿದರು.

ಶ್ರೀರಂಗಪಟ್ಟಣದ ಸಮೀಪ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿಯಲ್ಲಿ ಈ ತತ್ತ್ವವು ಹೆಸರಿಲ್ಲದೆಯೇ ಆಚರಣೆಯಲ್ಲಿತ್ತು. ಮುಂಗಾರಿನ ಪ್ರವಾಹಕ್ಕೆ ಮುನ್ನ ನದೀಪಾತ್ರದ ಕಲ್ಲುಗಾರೆ ನಿಗದಿತ ಮಟ್ಟಕ್ಕೆ ಏರದಿದ್ದರೆ ಒಂದು ವರ್ಷವೇ ನಷ್ಟವಾಗುತ್ತಿತ್ತು. ಮೊದಲ ಹಂತದಲ್ಲಿ 80 ಅಡಿ ಎತ್ತರಕ್ಕಷ್ಟೇ ಒಪ್ಪಿಗೆ ದೊರೆತರೂ, ನೀರು ನಿಂತ ಮೇಲೆ ತಳಪಾಯವನ್ನು ವಿಸ್ತರಿಸಲಾಗದೆಂಬುದನ್ನರಿತ ವಿಶ್ವೇಶ್ವರಯ್ಯನವರು ಪೂರ್ಣ ಎತ್ತರಕ್ಕೆ ತಕ್ಕ ತಳಪಾಯವನ್ನೇ ಹಾಕಿಸಿದರು. ಗಡುವನ್ನು ಕಾಯಲು ಸಾವಿರಾರು ಕೂಲಿಕಾರರು ಮಲೇರಿಯದ ನಡುವೆಯೂ ದೀಪಗಳ ಬೆಳಕಿನಲ್ಲಿ ಇರುಳೂ ದುಡಿದರು. ಬಿಡುವಿಲ್ಲದ ಪಥದ ಭಾರವನ್ನು ಹೊತ್ತವರು ಇವರೇ ಎಂಬುದನ್ನು ಅಣೆಕಟ್ಟಿನ ಚರಿತ್ರೆ ಮರೆಯಬಾರದು.