ಹ್ಯಾಂಕ್ ವಿಲಿಯಮ್ಸ್ (1923–1953)

ಹ್ಯಾಂಕ್ ವಿಲಿಯಮ್ಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಗಾಯಕ, ಗೀತರಚನಕಾರ ಹಾಗೂ ವೇದಿಕೆಯ ಕಲಾವಿದ. ಕಂಟ್ರಿ ಸಂಗೀತದ ಇತಿಹಾಸದಲ್ಲಿ ಅತ್ಯಂತ ಪ್ರಭಾವಶಾಲಿಗಳೆನಿಸಿದವರಲ್ಲಿ ಒಬ್ಬ. ಬ್ರಿಟಿಷ್ ದ್ವೀಪಗಳಿಂದ ವಲಸೆ ಬಂದವರ ಲಾವಣಿಗಳು, ಹಳ್ಳಿಯ ಚರ್ಚುಗಳ ಭಕ್ತಿಗೀತೆಗಳು ಮತ್ತು ಕಪ್ಪು ಜನರ ಬ್ಲೂಸ್ ಹಾಡುಗಾರಿಕೆ ಬೆರೆತು ದಕ್ಷಿಣದ ರಾಜ್ಯಗಳಲ್ಲಿ ರೂಪುಗೊಂಡು, 1920ರ ದಶಕದಲ್ಲಿ ರೇಡಿಯೊ ಮತ್ತು ಗ್ರಾಮಫೋನ್ ತಟ್ಟೆಗಳ ಮೂಲಕ ಹರಡಿದ ಸಂಗೀತಕ್ಕೆ ಕಂಟ್ರಿ ಎಂದು ಹೆಸರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲೇ ತೀರಿಕೊಂಡ ಈತನ ಸಾವಿನ ಬಗ್ಗೆ ಬರಹಗಳಿಗೆ ಕೊರತೆಯಿಲ್ಲ. ಆದರೆ ಈತನ ಹಾಡುಗಳ ಸರಳತೆ ಕೇಳುಗರ ಎದುರು ಹಾಡಿ ಹಾಡಿ, ಬರೆದದ್ದನ್ನು ಮತ್ತೆ ಮತ್ತೆ ತಿದ್ದಿ ಗಳಿಸಿದ ವಿದ್ಯೆ ಎಂಬುದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಅಲಬಾಮ ರಾಜ್ಯದ ಮೌಂಟ್ ಆಲಿವ್ ಎಂಬ ಹಳ್ಳಿಯಲ್ಲಿ 1923ರ ಸೆಪ್ಟೆಂಬರ್ 17ರಂದು ಹುಟ್ಟಿದ ಈತನಿಗೆ ಬೆನ್ನುಮೂಳೆಯ ಜನ್ಮಜಾತ ದೋಷವಿದ್ದು, ಅದರ ನೋವು ಬದುಕಿನುದ್ದಕ್ಕೂ ಕಾಡಿತು. ಮರದ ದಿಮ್ಮಿ ಸಾಗಿಸುವ ಕಂಪನಿಯಲ್ಲಿದ್ದ ತಂದೆ ಒಂದನೆಯ ಮಹಾಯುದ್ಧದ ಸೈನಿಕನಾಗಿದ್ದು, 1930ರಲ್ಲಿ ಆಸ್ಪತ್ರೆ ಸೇರಿ ವರ್ಷಗಟ್ಟಲೆ ಅಲ್ಲೇ ಉಳಿದುದರಿಂದ, ತಾಯಿ ಲಿಲ್ಲಿ ಬಾಡಿಗೆಯ ಊಟವಸತಿ ಗೃಹಗಳನ್ನು ನಡೆಸಿ ಮಕ್ಕಳನ್ನು ಸಾಕಿದಳು. ಈ ಬಾಲ್ಯದಲ್ಲಿಯೇ ಈತನಿಗೆ ರೂಫಸ್ ಪೇನ್ ಎಂಬ ಕಪ್ಪು ಬೀದಿಗಾಯಕನ ಒಡನಾಟ ದೊರೆಯಿತು. ಟೀ ಟಾಟ್ ಎಂಬ ಅಡ್ಡಹೆಸರಿನ ಈ ಗಾಯಕನಿಂದ ಹುಡುಗ ಗಿಟಾರಿನ ಜೊತೆಗೆ ದಾರಿಹೋಕರನ್ನು ನಿಲ್ಲಿಸಿ ಕೇಳಿಸುವ ಕಲೆಯನ್ನೂ ಕಲಿತ. ತನಗೆ ದೊರೆತ ಸಂಗೀತ ಶಿಕ್ಷಣವೆಲ್ಲ ಪೇನನದೇ ಎಂದು ವಿಲಿಯಮ್ಸ್ ಮುಂದೆ ಒಪ್ಪಿಕೊಂಡಿದ್ದಾನೆ. ವರ್ಣಭೇದದ ಕಾನೂನುಗಳು ಬಿಗಿಯಾಗಿದ್ದ ಆ ನಾಡಿನಲ್ಲಿ ಪೇನ್ 1939ರಲ್ಲಿ ಬಡತನದಲ್ಲೇ ತೀರಿಕೊಂಡ, ಆತನ ಹಾಡಿನ ಒಂದೇ ಒಂದು ಧ್ವನಿಮುದ್ರಣವೂ ಉಳಿದಿಲ್ಲ ಎಂಬುದು ಈ ಸಂಗೀತದ ಚರಿತ್ರೆಯಲ್ಲಿನ ದೊಡ್ಡ ನಷ್ಟ.

ಕುಟುಂಬ 1937ರಲ್ಲಿ ಮಾಂಟ್ಗೊಮರಿ ನಗರಕ್ಕೆ ಬಂದ ಮೇಲೆ ವಿಲಿಯಮ್ಸ್ ಅಲ್ಲಿನ ರೇಡಿಯೊ ಕೇಂದ್ರದಲ್ಲಿ ಹಾಡತೊಡಗಿ, ಡ್ರಿಫ್ಟಿಂಗ್ ಕೌಬಾಯ್ಸ್ ಎಂಬ ತಂಡ ಕಟ್ಟಿಕೊಂಡು ಸುತ್ತಲಿನ ಹಾಂಕಿ ಟಾಂಕ್‌ಗಳಲ್ಲಿ ಕಾರ್ಯಕ್ರಮ ಕೊಡಲಾರಂಭಿಸಿದ. ಕೂಲಿಕಾರರು ಕೆಲಸ ಮುಗಿಸಿ ಬಂದು ಕುಡಿದು ಕುಣಿಯುತ್ತಿದ್ದ ಅಗ್ಗದ ಮದ್ಯದಂಗಡಿಗಳಿಗೆ ಈ ಹೆಸರಿತ್ತು. ಅಲ್ಲಿನ ಗದ್ದಲವನ್ನು ಮೀರಿ ಕೇಳಿಸಬೇಕಾದುದರಿಂದ ತಾಳ ಗಟ್ಟಿಯಾಗಿ, ಮಾತು ನೇರವಾಗಿ, ಸ್ಟೀಲ್ ಗಿಟಾರ್ ಮತ್ತು ಪಿಟೀಲಿನ ದನಿ ಚೂಪಾಗಿ ಇರುವ ಒಂದು ಶೈಲಿಯೇ ಬೆಳೆದು, ಅದಕ್ಕೂ ಅದೇ ಹೆಸರು ನಿಂತಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆನ್ನಿನ ದೋಷದಿಂದಾಗಿ ಸೈನ್ಯಕ್ಕೆ ಅನರ್ಹನಾದ ಈತ ಕೆಲಕಾಲ ಮೊಬೀಲ್ ಬಂದರಿನ ಹಡಗು ಕಟ್ಟೆಯಲ್ಲಿ ದುಡಿದ. 1944ರಲ್ಲಿ ಆಡ್ರಿ ಶೆಪರ್ಡಳನ್ನು ಮದುವೆಯಾದ.

1946ರಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಹೋಗಿ ಫ್ರೆಡ್ ರೋಸ್‌ನನ್ನು ಕಂಡದ್ದು ಈತನ ವೃತ್ತಿಯ ನಿರ್ಣಾಯಕ ತಿರುವು. ಗಾಯಕ ರಾಯ್ ಏಕಫ್ ಜೊತೆಗೂಡಿ 1942ರಲ್ಲಿ ಸಂಗೀತ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿದ್ದ ರೋಸ್ ಸ್ವತಃ ನುರಿತ ಗೀತರಚನಕಾರನಾಗಿದ್ದು, ವಿಲಿಯಮ್ಸ್ ತರುತ್ತಿದ್ದ ಕರಡುಗಳಲ್ಲಿ ಪಲ್ಲವಿಯನ್ನು ಬಿಗಿಗೊಳಿಸುತ್ತ, ಹೆಚ್ಚಾದ ಪದಗಳನ್ನು ಕಳೆಯುತ್ತ ಅವನ್ನು ಧ್ವನಿಮುದ್ರಣಕ್ಕೆ ಅಣಿಮಾಡುತ್ತಿದ್ದ. ಈ ಹಾಡುಗಳನ್ನು ರೋಸ್‌ನೇ ಬರೆದನೆಂಬ ಗುಮಾನಿ ಅಂದಿನಿಂದಲೂ ಇದೆ, ಅದು ಒಪ್ಪತಕ್ಕದ್ದಲ್ಲ. ರೋಸ್ ಸ್ವತಂತ್ರವಾಗಿ ಬರೆದವುಗಳಲ್ಲಿ ನಯವಿದೆ, ಹದವಿದೆ, ಆದರೆ ಮಡದಿಯೊಡನೆ ಜಗಳವಾಡಿ ಮನೆಯಾಚೆ ನಿಂತವನ ನೋವು ಮತ್ತು ನಗು ಎರಡೂ ಒಂದೇ ಆಡುಮಾತಿನಲ್ಲಿ ಬರುವ ವಿಲಿಯಮ್ಸ್‌ನ ವಿಶಿಷ್ಟತೆ ಅಲ್ಲಿ ಕಾಣುವುದಿಲ್ಲ. 1947ರಲ್ಲಿ ಎಂಜಿಎಂ ಕಂಪನಿಗಾಗಿ ಮುದ್ರಿಸಿದ ‘ಮೂವ್ ಇಟ್ ಆನ್ ಓವರ್’ ಈತನ ಮೊದಲ ಜನಪ್ರಿಯ ಹಾಡಾಯಿತು.

ಮರುವರ್ಷ ಲೂಯಿಸಿಯಾನದ ಶ್ರೀವ್‌ಪೋರ್ಟ್ ನಗರದಿಂದ ಪ್ರಸಾರವಾಗುತ್ತಿದ್ದ ‘ಲೂಯಿಸಿಯಾನ ಹೇರೈಡ್’ ರೇಡಿಯೊ ಕಾರ್ಯಕ್ರಮವನ್ನು ಸೇರಿದ ಈತ, ಅಲ್ಲಿನ ಸಭಿಕರು ಹುಚ್ಚೆದ್ದು ಕೇಳುತ್ತಿದ್ದ ‘ಲವ್‌ಸಿಕ್ ಬ್ಲೂಸ್’ ಎಂಬ 1922ರ ಹಳೆಯ ನಾಟಕದ ಹಾಡನ್ನು ರೋಸ್‌ನ ವಿರೋಧವನ್ನೂ ಲೆಕ್ಕಿಸದೆ 1948ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ. ಕಂಠವನ್ನು ಥಟ್ಟನೆ ಮೇಲುಸ್ಥಾಯಿಗೆ ಒಡೆದು ಇಳಿಸುವ ಯೋಡಲ್ ಎಂಬ ತಂತ್ರ ಅದರಲ್ಲಿ ತುಂಬಿತ್ತು. ಅದು 1949ರಲ್ಲಿ ಹದಿನಾರು ವಾರ ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಪ್ರೇಕ್ಷಕರ ಎದುರು ನಿಂತು ಕಲಿತ ತೀರ್ಮಾನವು ಪ್ರಕಾಶಕನ ಅನುಭವಕ್ಕಿಂತ ಮೇಲೆಂದು ಇದು ತೋರಿಸಿಕೊಟ್ಟಿತು. ಅದೇ ವರ್ಷದ ಜೂನ್ 11ರಂದು ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ವೇದಿಕೆಯಲ್ಲಿ ಈತ ಮೊದಲ ಬಾರಿಗೆ ಹಾಡಿದ. ಪ್ರತಿ ಶನಿವಾರ ರಾತ್ರಿ ರೇಡಿಯೊದಲ್ಲಿ ಪ್ರಸಾರವಾಗುತ್ತಿದ್ದ ಈ ಸಭೆಯಲ್ಲಿ ಸ್ಥಾನ ಪಡೆಯುವುದು ಕಂಟ್ರಿ ಕಲಾವಿದರಿಗೆ ಅತಿ ದೊಡ್ಡ ಮನ್ನಣೆಯಾಗಿತ್ತು.

ಮುಂದಿನ ಮೂರು ವರ್ಷಗಳಲ್ಲಿ ಬಂದ ಹಾಡುಗಳ ಸಾಲು ಅಸಾಧಾರಣವಾದದ್ದು. 1951ರ ‘ಕೋಲ್ಡ್, ಕೋಲ್ಡ್ ಹಾರ್ಟ್’ ಅನ್ನು ನಗರದ ಜನಪ್ರಿಯ ಗಾಯಕ ಟೋನಿ ಬೆನೆಟ್ ಹಾಡಿ ದೇಶದಾದ್ಯಂತ ಮೊದಲ ಸ್ಥಾನಕ್ಕೇರಿಸಿದಾಗ, ಹಳ್ಳಿಗರದೆಂದು ಬದಿಗಿಟ್ಟಿದ್ದ ಸಂಗೀತಕ್ಕೆ ಹೊಸ ಕೇಳುಗರು ದೊರೆತರು. 1952ರ ‘ಜಂಬಲಾಯ’ ಲೂಯಿಸಿಯಾನದ ಫ್ರೆಂಚ್ ಮೂಲದ ಕೇಜನ್ ಜನರ ಊಟ ಮತ್ತು ಹಬ್ಬವನ್ನು ಅವರದೇ ಒಂದು ಮಟ್ಟಿನ ಆಧಾರದ ಮೇಲೆ ಚಿತ್ರಿಸುತ್ತದೆ. ಲ್ಯೂಕ್ ದ ಡ್ರಿಫ್ಟರ್ ಎಂಬ ಗುಪ್ತನಾಮದಲ್ಲಿ ಈತ ವಾಚನದ ರೂಪದ ನೀತಿಗೀತೆಗಳನ್ನೂ ಹೊರತಂದ. ಹೆಂಡದಂಗಡಿಗಳಲ್ಲಿ ನಾಣ್ಯ ಹಾಕಿ ಹಾಡು ಕೇಳುವ ಯಂತ್ರಗಳಿಗೆ ವಿಲಿಯಮ್ಸ್‌ನ ತಟ್ಟೆಗಳನ್ನು ಕಣ್ಣುಮುಚ್ಚಿ ಕೊಳ್ಳುತ್ತಿದ್ದವರಿಗೆ ಇವು ಅರಿವಿಲ್ಲದೆ ತಲುಪಿ ವ್ಯಾಪಾರ ಕೆಡದಿರಲೆಂದು ಈ ಬೇರೆ ಹೆಸರು ಬೇಕಾಯಿತು.

1951ರ ಕೊನೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾದರೂ ನೋವು ತಗ್ಗದೆ, ಕುಡಿತ ಮತ್ತು ನೋವುನಿವಾರಕಗಳ ಅವಲಂಬನೆ ಹೆಚ್ಚಿತು. 1952ರಲ್ಲಿ ವಿಚ್ಛೇದನವಾಯಿತು, ಕಾರ್ಯಕ್ರಮಗಳಿಗೆ ತಪ್ಪಿಸಿಕೊಂಡದ್ದಕ್ಕಾಗಿ ಆಗಸ್ಟಿನಲ್ಲಿ ಆಪ್ರಿ ಈತನನ್ನು ಕೈಬಿಟ್ಟಿತು, ಅಕ್ಟೋಬರಿನಲ್ಲಿ ಬಿಲ್ಲಿ ಜೀನ್ ಜೋನ್ಸ್‌ಳೊಡನೆ ಎರಡನೆಯ ಮದುವೆ ನಡೆಯಿತು. ಇಷ್ಟರ ನಡುವೆಯೂ ಸೆಪ್ಟೆಂಬರಿನ ಕೊನೆಯ ಧ್ವನಿಮುದ್ರಣದಲ್ಲಿ ‘ಯುವರ್ ಚೀಟಿನ್ ಹಾರ್ಟ್’ ಹುಟ್ಟಿತು. 1953ರ ಜನವರಿ 1ರಂದು, ಒಹಾಯೊ ರಾಜ್ಯದ ಕ್ಯಾಂಟನ್ ನಗರದ ಕಾರ್ಯಕ್ರಮಕ್ಕೆ ಹೋಗುತ್ತಿದ್ದಾಗ, ಕಾರಿನ ಹಿಂದಿನ ಆಸನದಲ್ಲೇ ಈತ ತೀರಿಕೊಂಡಿದ್ದು ವೆಸ್ಟ್ ವರ್ಜೀನಿಯದ ಓಕ್ ಹಿಲ್‌ನಲ್ಲಿ ತಿಳಿದುಬಂತು.

1961ರಲ್ಲಿ ಕಂಟ್ರಿ ಸಂಗೀತದ ಗೌರವಶಾಲೆಗೆ ಆಯ್ಕೆಯಾದ ಮೊದಲ ಮೂವರಲ್ಲಿ ಗಾಯಕ ಜಿಮ್ಮಿ ರಾಜರ್ಸ್ ಮತ್ತು ಫ್ರೆಡ್ ರೋಸ್ ಜೊತೆಗೆ ವಿಲಿಯಮ್ಸ್ ಇದ್ದ. 2010ರಲ್ಲಿ ಪುಲಿಟ್ಜರ್ ಮಂಡಳಿ ಈತನ ಗೀತರಚನೆಗೆ ಮರಣೋತ್ತರ ವಿಶೇಷ ಗೌರವ ಸಲ್ಲಿಸಿತು. ಆದರೆ ವೇದಿಕೆಯ ಕಲಾವಿದನನ್ನು ಅರಿಯಲು ಎಲ್ಲಕ್ಕಿಂತ ಮುಖ್ಯವಾದ ಆಧಾರ, 1951ರಲ್ಲಿ ‘ಮದರ್ಸ್ ಬೆಸ್ಟ್’ ಹಿಟ್ಟಿನ ಕಂಪನಿಯ ಪ್ರಾಯೋಜಕತ್ವದಲ್ಲಿ ಬೆಳಗಿನ ಹೊತ್ತು ಪ್ರಸಾರವಾದ ಹದಿನೈದು ನಿಮಿಷಗಳ ರೇಡಿಯೊ ಕಾರ್ಯಕ್ರಮಗಳು. ನ್ಯಾಶ್‌ವಿಲ್‌ನ ರೇಡಿಯೊ ಕೇಂದ್ರ ಕಸಕ್ಕೆ ಎಸೆಯಲಿದ್ದ ಇವುಗಳ ಧ್ವನಿಮುದ್ರಿತ ತಟ್ಟೆಗಳು ಹೇಗೋ ಉಳಿದು, ಹಕ್ಕುಗಳ ವ್ಯಾಜ್ಯ ವಾರಸುದಾರರ ಪರವಾಗಿ ಮುಗಿದ ಬಳಿಕ 2008ರಿಂದ ಪ್ರಕಟವಾದವು. ಅವುಗಳಲ್ಲಿ ಈತ ಸಂಗಡಿಗರನ್ನು ಕೆಣಕುತ್ತ, ಹಿಟ್ಟನ್ನು ಹೊಗಳುತ್ತ, ಚರ್ಚಿನ ಭಕ್ತಿಗೀತೆಗಳನ್ನು ಮತ್ತು ಬೇರೆಲ್ಲೂ ಮುದ್ರಿಸದ ಹಳೆಯ ಹಾಡುಗಳನ್ನು ತುಂಬುಗಂಠದಿಂದ ಹಾಡುತ್ತಾನೆ.