ನಂದಿಯ ತಪ್ಪಲಿನ ದ್ರಾಕ್ಷಾರಸ

ನಿಮ್ಮ ಮೇಷ್ಟರು ದ್ರಾಕ್ಷಾಮದ್ಯವನ್ನು ಕುರಿತು ಬರೆಯಹೊರಟರೆಂದು ಹುಬ್ಬೇರಿಸಬೇಡಿ. ಇದು ಕುಡಿತದ ಮಾತಲ್ಲ, ನೆಲದ ಚರಿತ್ರೆಯ ಮಾತು.

ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಿಯ ಮದ್ಯವನ್ನು ‘ಮಧು’ ಎಂದು ಕರೆದು, ಅದು ಹುಟ್ಟಿದ ನಾಡಿನಿಂದಲೇ ‘ಕಾಪಿಶಾಯನ’, ‘ಹಾರಹೂರಕ’ ಎಂಬ ಹೆಸರುಗಳನ್ನು ಹೇಳುತ್ತದೆ. ರುಚಿಯನ್ನು ನೆಲದಿಂದ ಗುರುತಿಸುವ ಕ್ರಮ ಅಷ್ಟು ಹಳೆಯದು.

ನಮ್ಮ ಸೀಮೆಯ ದ್ರಾಕ್ಷಿ ‘ಬೆಂಗಳೂರು ನೀಲಿ’. ಅದರ ಗಾಢ ಪರಿಮಳ ಹಣ್ಣಿನ ರಸಕ್ಕೂ ಸಿಹಿ ವೈನಿಗೂ ಒಪ್ಪುತ್ತದೆ. ವರ್ಷಗಟ್ಟಲೆ ಮಾಗಬೇಕಾದ ವೈನಿಗೆ ಒಗ್ಗದು. ಅಂಥ ವೈನಿಗಾಗಿ ಕನ್ವಲ್ ಗ್ರೋವರ್ ಅವರು 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಿಸಿದರು. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದ ಆ ನೆಲದ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಯುತ್ತವೆ. ಕಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಬೆರೆತ ಅಲ್ಲಿನ ‘ಲಾ ರಿಸರ್ವ್’ ಓಕ್ ಮರದ ಪೀಪಾಯಿಗಳಲ್ಲಿ ಮಾಗುತ್ತದೆ.

ಕುಡುಕ ಬೇರೆ, ರಸಜ್ಞ ಬೇರೆ. ರಸಜ್ಞನು ಮೊದಲು ಬಣ್ಣವನ್ನು ನೋಡುತ್ತಾನೆ, ಬಳಿಕ ಮೂಸುತ್ತಾನೆ, ಕೊನೆಗೆ ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸುತ್ತಾನೆ. ಎಳೆಯ ಕೆಂಪು ವೈನಿಗೆ ನೇರಳೆಯ ಛಾಯೆ, ಹೆಚ್ಚು ಒಗರು. ವಯಸ್ಸಾದಂತೆ ಬಣ್ಣ ಇಟ್ಟಿಗೆಯತ್ತ ತಿರುಗುತ್ತದೆ, ಒಗರು ಮೃದುವಾಗುತ್ತದೆ. ಬಿಳಿಯದು ಹೊನ್ನಿನ ಬಣ್ಣಕ್ಕೆ ಬರುತ್ತದೆ. ಆದರೆ ಹಳೆಯದೆಲ್ಲವೂ ಉತ್ತಮವಲ್ಲ. ಹೆಚ್ಚಿನ ವೈನುಗಳು ಎಳೆಯದರಲ್ಲೇ ಚೆನ್ನ.

ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಹೊಲ ತೋಟಗಳು ನಿವೇಶನಗಳಾಗುತ್ತಿವೆ. ಹೆಸರಿಗೆ ರಕ್ಷಣೆ ಸಿಕ್ಕಿತು. ನೆಲವೇ ಉಳಿಯದಿದ್ದರೆ ಆ ರುಚಿಯನ್ನು ಮುಂದಿನವರು ಎಲ್ಲಿ ಹುಡುಕಬೇಕು?