ಕುಗ್ಗುವ ಚಿತ್ರ, ಕುಗ್ಗದ ದನಿ

ದೆಹಲಿಯ ಸರ್ಕಾರಿ ವಸತಿಗೃಹಗಳ ನಡುವಿನ ನಮ್ಮ ಅಂಗಳದಲ್ಲಿ ಒಂದು ಬೂರುಗದ ಮರವಿದೆ. ಚಳಿಗಾಲದಲ್ಲಿ ಎಲೆಯುದುರಿಸಿ ಬೋಳಾಗುವ ಅದು ಫೆಬ್ರವರಿ ಮುಗಿಯುವ ಹೊತ್ತಿಗೆ ಮೈತುಂಬ ಕೆಂಪು ಹೂ ತಳೆಯುತ್ತದೆ. ಮೈನಾ, ಕಾಗೆ, ಪಿಕಳಾರಗಳು ಮಕರಂದಕ್ಕೆ ಮುತ್ತುತ್ತವೆ. ಬಿಸಿಲು ಏರಿದಂತೆ ಕಾಯಿ ಬಿರಿದು ಅರಳೆ ಮನೆಯೊಳಗೆಲ್ಲ ಹಾರಾಡುತ್ತದೆ. ಹಳೆಯ ಕಟ್ಟಡಗಳನ್ನು ಕೆಡವಿ ಬಹುಮಹಡಿಗಳನ್ನು ಎಬ್ಬಿಸುವ ಮಾತು ಈಚೆಗೆ ನಮ್ಮಲ್ಲೂ ಕೇಳಿಬರುತ್ತಿದೆ. 2016ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟವು ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಸೇರಿದಂತೆ ದೆಹಲಿಯ ಏಳು ಸರ್ಕಾರಿ ವಸತಿ ಕಾಲೊನಿಗಳ ಪುನರ್ನಿರ್ಮಾಣಕ್ಕೆ ಒಪ್ಪಿಗೆ ನೀಡಿದ್ದು, 2018ರಲ್ಲಿ ಅಲ್ಲಿನ ಮರಗಳಿಗಾಗಿ ಜನ ಬೀದಿಗಿಳಿದದ್ದು ನಮಗೆಲ್ಲ ನೆನಪಿದೆ. ನಮ್ಮ ಸರದಿ ಬರುವ ಮೊದಲು ಈ ಮರದ ಒಂದು ವಸಂತವನ್ನಾದರೂ ಟೈಮ್‌ಲ್ಯಾಪ್ಸ್ ಚಿತ್ರವಾಗಿ, ದನಿಯ ಸಮೇತ, ಹಿಡಿದಿಡಬೇಕೆಂದು ನಾವು ಕೆಲವು ಗೆಳೆಯರು ನಿಶ್ಚಯಿಸಿದ್ದೇವೆ.

ಯೋಜನೆ ಹಾಕಲು ಕುಳಿತಾಗ ಕ್ಯಾಮೆರಾದ ವಿಷಯ ಬೇಗ ಇತ್ಯರ್ಥವಾಯಿತು. ಬಗೆಹರಿಯದೆ ಉಳಿದದ್ದು ದನಿಯ ಪ್ರಶ್ನೆ. ನಮಗಿಂತ ಮೊದಲು ಈ ದಾರಿಯಲ್ಲಿ ನಡೆದವರು ಏನು ಮಾಡಿದ್ದರೆಂದು ತಿಳಿಯಲು ಚರಿತ್ರೆಯ ಕಡೆ ಹೊರಳಿದೆವು.

ಕಾಲವನ್ನು ಕುಗ್ಗಿಸಿ ತೋರಿಸುವ ಈ ವಿದ್ಯೆ ಹುಟ್ಟಿದ್ದು ಮನರಂಜನೆಗಾಗಿ ಮಾತ್ರವಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲ್‌ಹೆಲ್ಮ್ ಫೆಫರ್ 1898ರಿಂದ 1900ರ ನಡುವೆ ಗಿಡಗಳ ಚಲನೆಯನ್ನು ಬಿಡಿಬಿಡಿ ಚಿತ್ರಗಳಲ್ಲಿ ಸೆರೆಹಿಡಿದು, ಅವನ್ನು ವೇಗವಾಗಿ ಓಡಿಸಿ ತೋರಿಸಿದರು. ಟ್ಯುಲಿಪ್ ಹೂವಿನ ಅರಳುವಿಕೆ, ಮುಟ್ಟಿದರೆ ಮುನಿಯ ಎಲೆಗಳ ಆಟ ಅವರ ವಸ್ತುಗಳಾಗಿದ್ದವು. ನಮ್ಮ ಜಗದೀಶಚಂದ್ರ ಬೋಸರು ಅದೇ ಗುಟ್ಟನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕು ನೋಡಿದರು. ಅವರ ಕ್ರೆಸ್ಕೋಗ್ರಾಫ್ ಕಾಲವನ್ನು ಕುಗ್ಗಿಸಲಿಲ್ಲ. ಸಸ್ಯದ ಬೆಳವಣಿಗೆಯನ್ನೇ ಸಾವಿರಾರು ಪಟ್ಟು ಹಿಗ್ಗಿಸಿ ಬರೆಯಿತು.

ಈ ಚರಿತ್ರೆಯಲ್ಲಿ ನಮಗೆ ತೀರ ಆಪ್ತರೆನಿಸಿದವರು ಲಂಡನ್ನಿನ ಪರ್ಸಿ ಸ್ಮಿತ್. ಅವರು ಬ್ರಿಟನ್ನಿನ ಸರ್ಕಾರಿ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತರಾಗಿದ್ದರು. ಕಚೇರಿ ಮುಗಿದ ಮೇಲೆ ನೊಣ, ಜೇಡಗಳ ಚಿತ್ರ ತೆಗೆಯುತ್ತಿದ್ದ ಅವರು ಚಾರ್ಲ್ಸ್ ಅರ್ಬನ್ ಎಂಬ ಚಿತ್ರ ನಿರ್ಮಾಪಕರ ಕಣ್ಣಿಗೆ ಬಿದ್ದರು. ಮುಂದೆ ಕಡತಗಳಿಗೆ ವಿದಾಯ ಹೇಳಿ ಕ್ಯಾಮೆರಾವನ್ನೇ ನೆಚ್ಚಿದರು. 1910ರಲ್ಲಿ ಬಂದ ಅವರ 'ದಿ ಬರ್ತ್ ಆಫ್ ಎ ಫ್ಲವರ್' ಚಿತ್ರದಲ್ಲಿ ಮೊಗ್ಗುಗಳು ಕ್ಷಣಗಳಲ್ಲಿ ಅರಳುವುದನ್ನು ಕಂಡು ಪ್ರೇಕ್ಷಕರು ಬೆರಗಾದರು. ಮನೆಯನ್ನೇ ಕಾರ್ಯಾಗಾರ ಮಾಡಿಕೊಂಡಿದ್ದ ಸ್ಮಿತ್, ನಡುರಾತ್ರಿ ಉಪಕರಣಕ್ಕೆ ತಮ್ಮ ಕೈ ಬೇಕಾದಾಗ ಎಬ್ಬಿಸಲೆಂದು ಗಂಟೆಗಳನ್ನು ಹೊಂದಿಸಿಟ್ಟಿದ್ದರಂತೆ. ಕಡತಗಳ ನಡುವೆಯೇ ನಲವತ್ತು ದಾಟಿರುವ ನಮಗೆ ಈ ಗುಮಾಸ್ತರ ಕಥೆ ತುಸು ಧೈರ್ಯ ಕೊಟ್ಟಿತು.

ಆದರೆ ಅವರ ಹೂವುಗಳು ಮೂಕವಾಗಿಯೇ ಅರಳಿದವು. ಆಗಿನ ಚಿತ್ರಮಂದಿರಗಳಲ್ಲಿ ಪಿಯಾನೊ ನುಡಿಸುವವರು ತಮಗೆ ತೋಚಿದ್ದನ್ನು ನುಡಿಸುತ್ತಿದ್ದರು. ಚಿತ್ರಕ್ಕೆ ದನಿ ಕೂಡಿದ ಮೇಲೂ ಈ ಕಟ್ಟಳೆ ಬದಲಾಗಲಿಲ್ಲ. 1982ರ 'ಕೊಯಾನಿಸ್ಕಾಟ್ಸಿ' ಚಿತ್ರದಲ್ಲಿ ಮೋಡಗಳೂ ಮಹಾನಗರದ ವಾಹನಗಳೂ ನದಿಯಂತೆ ಹರಿಯುತ್ತವೆ. ಮಾತಿಲ್ಲದ ಆ ಚಿತ್ರವನ್ನು ಹೊತ್ತು ಸಾಗುವುದು ಫಿಲಿಪ್ ಗ್ಲಾಸ್ ಅವರ ಸಂಗೀತ. 2016ರಲ್ಲಿ ಸ್ಮಿತ್ ಅವರ ಹಳೆಯ ಚಿತ್ರಗಳನ್ನು ಜೋಡಿಸಿ 'ಮಿನಿಟ್ ಬಾಡೀಸ್' ಎಂಬ ಚಿತ್ರ ಮಾಡಿದಾಗಲೂ ಅದಕ್ಕೆ ಹೊಸ ಸಂಗೀತವನ್ನೇ ಕೂಡಿಸಲಾಯಿತು. ಇದು ಕಲಾವಿದರ ಚಪಲವಿರಬೇಕೆಂದು ಮೊದಲು ನಾವು ತಿಳಿದಿದ್ದೆವು. ಲೆಕ್ಕ ಹಾಕಿದ ಮೇಲೆ ನಿಜವಾದ ಕಾರಣ ಹೊಳೆಯಿತು.

ನಮ್ಮ ಲೆಕ್ಕ ಇದು. ಫೆಬ್ರವರಿ 1ರಿಂದ ಮೇ 31ರವರೆಗೆ 120 ದಿನ. ಬೆಳಗಿನ 6ರಿಂದ ಸಂಜೆ 6ರವರೆಗೆ 10 ನಿಮಿಷಕ್ಕೊಂದರಂತೆ ದಿನಕ್ಕೆ 72 ಚಿತ್ರ, ಒಟ್ಟು 8,640. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳಂತೆ ಓಡಿಸಿದರೆ ಒಂದು ಹಗಲು 3 ಸೆಕೆಂಡಾಗುತ್ತದೆ, ಇಡೀ ವಸಂತ 6 ನಿಮಿಷವಾಗುತ್ತದೆ. ಅಂದರೆ ಕಾಲ 14,400 ಪಟ್ಟು ಕುಗ್ಗುತ್ತದೆ. ಧ್ವನಿಮುದ್ರಣವನ್ನೂ ಅಷ್ಟೇ ವೇಗದಲ್ಲಿ ಓಡಿಸಿದರೆ ಏನಾದೀತು? ಮನುಷ್ಯನ ಕಿವಿ ಸುಮಾರಾಗಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದನ್ನು ಕೇಳಬಲ್ಲದು. ನಮಗೆ ಕೇಳಿಸುವ ಅತ್ಯಂತ ತಗ್ಗಿನ ಸದ್ದು ಕೂಡ ಆಗ 2,88,000 ಕಂಪನಗಳಿಗೆ ಏರಿಬಿಡುತ್ತದೆ. ಅಂಗಳದಲ್ಲಿ ನಾವು ಕೇಳಿದ ಒಂದು ಸದ್ದೂ ನಮ್ಮ ಕಿವಿಗೆ ಉಳಿಯುವುದಿಲ್ಲ. ಚಿತ್ರವನ್ನು ಎಷ್ಟು ಕುಗ್ಗಿಸಿದರೂ ಮರ ಮರವಾಗಿಯೇ ಇರುತ್ತದೆ. ದನಿ ಹಾಗಲ್ಲ; ಅದರ ಮೈಯೇ ಕಾಲದಿಂದ ಆದದ್ದು. ಅದನ್ನು ಕುಗ್ಗಿಸಲಾಗದು, ಆಯ್ದುಕೊಳ್ಳಬಹುದು ಅಷ್ಟೆ.

ಹಾಗಾದರೆ ಆ ತೊಂದರೆಯೇ ಬೇಡ, ಒಂದು ಕೊಳಲಿನ ರಾಗ ಹಾಕಿಬಿಡೋಣ ಎಂದರು ನಮ್ಮಲ್ಲಿ ಕೆಲವರು. ಈ ಮಾತಿಗೆ ಉತ್ತರ ಸಿಕ್ಕಿದ್ದು ದನಿಯ ಚರಿತ್ರೆಯಲ್ಲಿ. 1889ರಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ಕಾಖ್ ಎಂಬ ಎಂಟು ವರ್ಷದ ಹುಡುಗ ಎಡಿಸನ್ ಯಂತ್ರದ ಮೇಣದ ಉರುಳೆಯ ಮೇಲೆ ತನ್ನ ಪಂಜರದ ಹಕ್ಕಿಯ ಹಾಡನ್ನು ಮುದ್ರಿಸಿದ. ತಿಳಿದಿರುವ ಮಟ್ಟಿಗೆ ಹಕ್ಕಿಯ ಹಾಡಿನ ಮೊದಲ ಮುದ್ರಣ ಅದೇ. ಹಕ್ಕಿ ಯಾವುದೆಂದರೆ ಭಾರತದ ಶಾಮಾ; ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಹಾಡುವ ಹಕ್ಕಿ. ಹಕ್ಕಿಯೂ ಪಂಜರವೂ ಇಲ್ಲವಾದ ಮೇಲೂ ಆ ಹಾಡು ಉಳಿದುಬಂದಿದೆ.

ಎರಡನೆಯ ಪ್ರಸಂಗ ಅಮೆರಿಕದ ಬರ್ನಿ ಕ್ರಾಸ್ ಅವರದು. 1988ರಲ್ಲಿ ಅವರು ಸಿಯೆರಾ ನೆವಾಡಾ ಪರ್ವತದ ಲಿಂಕನ್ ಮೆಡೋ ಎಂಬಲ್ಲಿ ಮುಂಜಾವಿನ ಸದ್ದುಗಳನ್ನು ಮುದ್ರಿಸಿದರು. ಬಳಿಕ ಅಲ್ಲಿ ಆಯ್ದ ಮರಗಳನ್ನಷ್ಟೇ ಕಡಿಯಲಾಯಿತು. ಇದರಿಂದ ಪರಿಸರಕ್ಕೆ ಏನೂ ಧಕ್ಕೆಯಾಗದೆಂಬ ಭರವಸೆ ಇತ್ತು. ಮರುವರ್ಷ ಅದೇ ಜಾಗದಲ್ಲಿ ನಿಂತರೆ ಕಣ್ಣಿಗೆ ಕಾಡು ಹಾಗೆಯೇ ಇತ್ತು, ಛಾಯಾಚಿತ್ರದಲ್ಲೂ ವ್ಯತ್ಯಾಸ ಕಾಣಲಿಲ್ಲ. ಮುದ್ರಣದಲ್ಲಿ ಮಾತ್ರ ಹಕ್ಕಿಗಳ ಮೇಳ ಹೋಗಿ, ತೊರೆಯ ಸದ್ದೂ ಮರಕುಟಿಗದ ಕುಟ್ಟೂ ಉಳಿದಿದ್ದವು. ಕಣ್ಣು ಕಾಣದ ನಷ್ಟವನ್ನು ಕಿವಿ ಹಿಡಿದಿತ್ತು.

ಇದನ್ನು ಓದಿದ ದಿನ ಕೊಳಲಿನ ಮಾತು ನಿಂತಿತು. ಕ್ಯಾಮೆರಾವನ್ನು ಒಂದೇ ಕಿಟಕಿಗೆ ಭದ್ರವಾಗಿ ಬಿಗಿದು, ಫೋಕಸ್ ಮತ್ತು ಬೆಳಕಿನ ಅಳತೆಗಳನ್ನು ಕೈಯಿಂದಲೇ ಹೊಂದಿಸುವುದು. ವಾರಕ್ಕೊಮ್ಮೆ ಎರಡು ಪ್ರತಿ ಇಡುವುದು. ದನಿಯ ಗಡಿಯಾರ ಬೇರೆ. ಸೂರ್ಯೋದಯ, ನಡುಹಗಲು, ದೀಪ ಹಚ್ಚುವ ಹೊತ್ತು, ರಾತ್ರಿ ಹತ್ತು, ಹೀಗೆ ನಾಲ್ಕು ಬಾರಿ ಎರಡೆರಡು ನಿಮಿಷ. 120 ದಿನಕ್ಕೆ ಇದು 16 ಗಂಟೆಯಾಗುತ್ತದೆ. ಅದರಿಂದ 6 ನಿಮಿಷವನ್ನು ಆಯಬೇಕು. ಅಕ್ಕಪಕ್ಕದ ಮನೆಯವರ ಒಪ್ಪಿಗೆಯಿಲ್ಲದೆ ಯಾರ ಮಾತನ್ನೂ ಬಳಸಬಾರದೆಂದು ಮೊದಲೇ ಬರೆದಿಟ್ಟುಕೊಂಡೆವು.

ಒಪ್ಪಿಗೆ ಕೇಳಲು ಹೋದಾಗಲೇ ನಮ್ಮ ಕೆಲಸದ ಅರ್ಥ ನಮಗೆ ಪೂರ್ತಿ ತಿಳಿದದ್ದು. ಅಂಗಳದ ಸುತ್ತಲಿನ ಎಂಟು ಮನೆಗಳಲ್ಲಿ ಮೂರು ಕನ್ನಡದವು. ಎರಡನೆಯ ಮಹಡಿಯ ಧಾರವಾಡದ ಅಜ್ಜಿ ದಿನಾ ಸಂಜೆ ಬಾಲ್ಕನಿಗೆ ಬಂದು "ದೀಪಾ ಹಚ್ಚೋ ಹೊತ್ತಾತು, ಒಳಗ ಬರ್ರೋ" ಎಂದು ಮೊಮ್ಮಕ್ಕಳನ್ನು ಕರೆಯುತ್ತಾರೆ. ಮಕ್ಕಳು ಹಿಂದಿಯಲ್ಲಿ ಓಗೊಡುತ್ತಾರೆ. ನಮ್ಮ ಕೋರಿಕೆ ಕೇಳಿ ಅಜ್ಜಿ ನಕ್ಕರು: "ನನ್ನ ದನಿ ತೊಗೊಂಡು ಏನ್ ಮಾಡ್ತೀರಿ? ಗಿಡದ್ದು ತೆಗೀರಿ." ಅವರ ಮಗ ಮುಂದಿನ ವರ್ಷ ನಿವೃತ್ತರಾಗಿ ಊರಿಗೆ ಮರಳಲಿದ್ದಾರೆ.

ನಮ್ಮ 8,640 ಚಿತ್ರಗಳಲ್ಲಿ ಆ ಬಾಲ್ಕನಿ ಉಳಿದ ಬಾಲ್ಕನಿಗಳಂತೆಯೇ ಕಾಣುತ್ತದೆ. ಅಲ್ಲಿ ಕನ್ನಡವಿತ್ತೆಂದು ಯಾವ ಚಿತ್ರವೂ ಹೇಳಲಾರದು. ಅಜ್ಜಿಯ ಕರೆಗೆ ನಾಲ್ಕು ಸೆಕೆಂಡು ಬೇಕು. ಅಷ್ಟರಲ್ಲಿ ತೆರೆಯ ಮೇಲೆ ಒಂದು ಹಗಲು ಮುಗಿದು ಇನ್ನೊಂದು ಬೆಳಗಾಗಿರುತ್ತದೆ. ಆದರೂ ಅದನ್ನು ಕತ್ತರಿಸುವುದಿಲ್ಲವೆಂದು ನಾವು ತೀರ್ಮಾನಿಸಿದ್ದೇವೆ. ಮೊಗ್ಗು ತನ್ನ ಅವಸರದಲ್ಲಿ ಅರಳಲಿ. ಅಜ್ಜಿ ನಿಧಾನವಾಗಿ ಕರೆದು ಮುಗಿಸಲಿ.

ಫೆಬ್ರವರಿ 1ರಂದು ಕೆಲಸ ಆರಂಭವಾಗುತ್ತದೆ. ಮುಂಬಯಿ, ಪುಣೆ, ಹೈದರಾಬಾದುಗಳ ನಮ್ಮ ಬಳಗದವರು ತಮ್ಮ ಅಂಗಳದಲ್ಲೂ ದಿನಕ್ಕೆ ಎರಡು ನಿಮಿಷ ಕಿವಿಗೊಟ್ಟು ಮುದ್ರಿಸಿಟ್ಟುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇವೆ. ಅದಕ್ಕೆ ಕ್ಯಾಮೆರಾ ಬೇಕಿಲ್ಲ. ಕೈಯಲ್ಲಿರುವ ಮೊಬೈಲು ಸಾಕು.